ನಿಂತಲ್ಲೇ ಕೈಸೇರುವ ಚಿತ್ರ



ಮದುವೆಯ ಆರತಕ್ಷತೆಗೆ ಹೋಗಿ, ಸಾಲಿನಲ್ಲಿ ನಿಂತು, ವೇದಿಕೆ ಹತ್ತಿ, ವಧೂವರರ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡ ಅನುಭವ ನಿಮಗೆಲ್ಲ ಇದ್ದೇ ಇರುತ್ತದೆ. ಹಾಗೆ ತೆಗೆಸಿಕೊಂಡ ಫೋಟೋಗಳಲ್ಲಿ ಎಷ್ಟನ್ನು ನೀವು ಆಮೇಲೆ ಕಣ್ಣಾರೆ ಕಂಡಿದ್ದೀರಿ? ಒಂದೋ ಎರಡೋ ಇರಬಹುದು. ಉಳಿದವು ಮದುವೆ ಮನೆಯವರ ಆಲ್ಬಮ್ ಸೇರಿದವು, ಇಲ್ಲವೇ ಛಾಯಾಗ್ರಾಹಕನ ಕಂಪ್ಯೂಟರಿನಲ್ಲೇ ಉಳಿದವು. ಈ ಕೊರತೆಯನ್ನು ತುಂಬಲೆಂದು ಇಂದು ಅನೇಕ ಛಾಯಾಗ್ರಾಹಕರು ಕ್ಯಾಮೆರಾದ ಜೊತೆಗೆ ಒಂದು ಮುದ್ರಣ ಯಂತ್ರವನ್ನೂ ಸಮಾರಂಭಕ್ಕೆ ಒಯ್ಯುತ್ತಾರೆ. ಅತಿಥಿ ಊಟ ಮುಗಿಸಿ ತಾಂಬೂಲ ಪಡೆಯುವ ಹೊತ್ತಿಗೆ ಅವರ ಫೋಟೋವೂ ಕೈಸೇರುತ್ತದೆ.

ಈ ಕಸುಬಿಗೆ ಇಳಿಯುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಯಂತ್ರ ಕೊಳ್ಳಬೇಕು? ಅಂಗಡಿಗಳಲ್ಲಿ ಅಂಗೈಯಲ್ಲಿ ಹಿಡಿಸುವ ಯಂತ್ರದಿಂದ ಹಿಡಿದು ಇಬ್ಬರು ಎತ್ತಬೇಕೆನಿಸುವ ಯಂತ್ರದವರೆಗೆ ಹತ್ತಾರು ಬಗೆಗಳಿವೆ. ಅವುಗಳ ಗುಣಪಟ್ಟಿಯನ್ನು ಓದುತ್ತ ಕುಳಿತರೆ ಗೊಂದಲವೇ ಹೆಚ್ಚು. ಆದರೆ ಈ ಪ್ರಶ್ನೆ ಹೊಸದೇನಲ್ಲ. ಒಂದೂವರೆ ಶತಮಾನಕ್ಕೂ ಹಿಂದಿನಿಂದ, ಚಿತ್ರವನ್ನು ನಿಂತ ಜಾಗದಲ್ಲೇ ಕೊಡಲು ಹೊರಟ ಪ್ರತಿಯೊಬ್ಬ ಛಾಯಾಗ್ರಾಹಕನೂ ಇದನ್ನು ಎದುರಿಸಿದ್ದಾನೆ. ಅವರು ಏನನ್ನು ಪಡೆದರು, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ತಿಳಿದರೆ ನಮ್ಮ ಆಯ್ಕೆ ಸುಲಭವಾದೀತು. ಬನ್ನಿ, ಆ ದಾರಿಯನ್ನೊಮ್ಮೆ ನೋಡಿ ಬರೋಣ.

ಎರಡು ದಾರಿಗಳು

ಛಾಯಾಗ್ರಹಣ ಹುಟ್ಟಿದಾಗಲೇ ಅದಕ್ಕೆ ಎರಡು ದಾರಿಗಳಿದ್ದವು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತನ ವಿಧಾನ ಬಹಿರಂಗವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡುತ್ತಿತ್ತು. ಅದೇ ದಿನ ಅದನ್ನು ಕೈಗೆ ಕೊಡಬಹುದಾಗಿತ್ತು. ಆದರೆ ಅದು ಒಂದೇ ಒಂದು. ಇನ್ನೊಂದು ಪ್ರತಿ ಬೇಕಾದರೆ ಮತ್ತೆ ಕುಳಿತುಕೊಳ್ಳಬೇಕಿತ್ತು. 1841ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ಮತ್ತೊಂದು ವಿಧಾನಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಮೊದಲು ಕಾಗದದ ಮೇಲೆ ನೆಗೆಟಿವ್, ಅದರಿಂದ ಬೇಕಾದಷ್ಟು ಪ್ರತಿಗಳು. ಆದರೆ ಕಾಯಬೇಕಿತ್ತು.

ಕೂಡಲೇ ಬೇಕೆಂದರೆ ಪ್ರತಿ ಇಲ್ಲ, ಪ್ರತಿ ಬೇಕೆಂದರೆ ಕೂಡಲೇ ಇಲ್ಲ. ಮುಂದಿನ ನೂರೈವತ್ತು ವರ್ಷಗಳ ಕಾಲ ಸ್ಥಳದಲ್ಲೇ ಚಿತ್ರ ಕೊಡುವವರನ್ನು ಕಾಡಿದ್ದು ಈ ಇಕ್ಕಟ್ಟೇ. ಈ ಎರಡನೆಯ ದಾರಿ ನಮ್ಮ ನಾಡಿಗೂ ಬೇಗನೆ ಬಂದಿತು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳಿಗೆ ಬಂದು ದೇವಾಲಯಗಳ ಚಿತ್ರ ತೆಗೆದ. ಆ ಚಿತ್ರಗಳು 1855ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದವು. ಚಿತ್ರ ತೆಗೆದ ಊರೊಂದು, ಅದನ್ನು ಕಂಡ ಊರು ಮತ್ತೊಂದು.

ತಗಡಿನ ಮೇಲಿನ ಮುಖ

ಜಾತ್ರೆಗೆ, ಸಂತೆಗೆ, ಸೇನಾ ಶಿಬಿರಕ್ಕೆ ಹೊತ್ತೊಯ್ಯಬಹುದಾದ ಮೊದಲ ಅಗ್ಗದ ವಿಧಾನವೆಂದರೆ ಟಿನ್‌ಟೈಪ್. 1853ರಲ್ಲಿ ಫ್ರಾನ್ಸಿನ ಮಾರ್ಟಿನ್ ಎಂಬಾತ ಇದನ್ನು ವಿವರಿಸಿದ. 1856ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ ಪೇಟೆಂಟ್ ಪಡೆದ. ಹೆಸರಿನಲ್ಲಿ ತವರವಿದ್ದರೂ ವಸ್ತುವಿನಲ್ಲಿ ಇರಲಿಲ್ಲ. ಅದು ಕಪ್ಪು ವಾರ್ನಿಷ್ ಬಳಿದ ತೆಳುವಾದ ಕಬ್ಬಿಣದ ತಗಡು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಹರಡಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆಯಬೇಕು. ಕೂಡಲೇ ತೊಳೆದರೆ ಬೆಳ್ಳಿ ಕೂತ ಭಾಗ ತಿಳಿಯಾಗಿಯೂ ಉಳಿದದ್ದು ಕಪ್ಪಾಗಿಯೂ ಕಾಣುತ್ತದೆ. ಕೆಲವೇ ನಿಮಿಷಗಳಲ್ಲಿ ಚಿತ್ರ ಸಿದ್ಧ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಟಿನ್‌ಟೈಪ್ ಮನೆಮಾತಾಯಿತು. ಯುದ್ಧಕ್ಕೆ ಹೊರಟ ಸೈನಿಕರು ಶಿಬಿರದಲ್ಲೇ ಚಿತ್ರ ತೆಗೆಸಿ ಮನೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಗಾಜಿನಂತೆ ಒಡೆಯದ ತಗಡಾದ್ದರಿಂದ ಅದು ಭದ್ರವಾಗಿ ತಲುಪುತ್ತಿತ್ತು. ಎಷ್ಟೋ ಮನೆಗಳಲ್ಲಿ ಮರಳಿ ಬಾರದ ಮಗನ ಗುರುತಾಗಿ ಉಳಿದದ್ದು ಅದೊಂದೇ.

ಪ್ರತಿ ಸಿಗದ ತೊಡಕಿಗೂ ಆಗಿನ ಛಾಯಾಗ್ರಾಹಕರು ಉಪಾಯ ಹೂಡಿದರು. ಒಂದೇ ಕ್ಯಾಮೆರಾಕ್ಕೆ ನಾಲ್ಕು, ಒಂಬತ್ತು, ಹದಿನಾರು ಮಸೂರಗಳನ್ನು ಜೋಡಿಸಿ, ಒಂದೇ ತಗಡಿನ ಮೇಲೆ ಅಷ್ಟು ಪುಟ್ಟ ಚಿತ್ರಗಳನ್ನು ಮೂಡಿಸಿ, ಕತ್ತರಿಯಿಂದ ತುಂಡರಿಸಿ ಕೊಟ್ಟರು. ಪ್ರತಿ ಸಿಕ್ಕಿತು, ಆದರೆ ಚಿತ್ರ ಹೆಬ್ಬೆರಳಿನ ಉಗುರಿನಷ್ಟಕ್ಕೆ ಇಳಿಯಿತು. ಈ ಕೊಡು-ಕೊಳ್ಳುವಿಕೆಯನ್ನು ನೆನಪಿನಲ್ಲಿಡಿ. ಇಂದಿನ ಅಂಗೈಯಗಲದ ಪ್ರಿಂಟರುಗಳಲ್ಲೂ ಇದೇ ಲೆಕ್ಕ ನಡೆಯುತ್ತಿದೆ.

ಪೆಟ್ಟಿಗೆಯೊಳಗಿನ ಕತ್ತಲ ಕೋಣೆ

ಇಪ್ಪತ್ತನೆಯ ಶತಮಾನದಲ್ಲಿ ಭಾರತ, ಅಫ್ಘಾನಿಸ್ತಾನ ಮೊದಲಾದ ದೇಶಗಳ ಬೀದಿಗಳಲ್ಲಿ ಮರದ ಪೆಟ್ಟಿಗೆಯ ಕ್ಯಾಮೆರಾಗಳು ಬೀಡುಬಿಟ್ಟವು. ಮೂರು ಕಾಲಿನ ಮೇಲೆ ನಿಂತ ಆ ಪೆಟ್ಟಿಗೆಯೇ ಕ್ಯಾಮೆರಾ, ಅದೇ ಕತ್ತಲ ಕೋಣೆ. ಬಟ್ಟೆಯ ತೋಳಿನೊಳಗೆ ಕೈ ಹಾಕಿ, ಛಾಯಾಗ್ರಾಹಕ ಕಾಗದದ ನೆಗೆಟಿವನ್ನು ಒಳಗೇ ರಾಸಾಯನಿಕಗಳಲ್ಲಿ ಅದ್ದಿ ತೆಗೆಯುತ್ತಿದ್ದ. ಆ ನೆಗೆಟಿವನ್ನು ಮಸೂರದ ಮುಂದೆ ಹಲಗೆಗೆ ಸಿಕ್ಕಿಸಿ ಮತ್ತೊಮ್ಮೆ ಚಿತ್ರ ತೆಗೆದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ನಿಜವಾದ ಮುಖ ಮೂಡುತ್ತಿತ್ತು. ವಿದ್ಯುತ್ ಬೇಡ, ಸ್ಟುಡಿಯೋ ಬೇಡ. ಅರ್ಜಿಗೆ ಅಂಟಿಸುವ ಫೋಟೋ ಅಲ್ಲೇ ಸಿದ್ಧ. ಅದೇ ನೆಗೆಟಿವಿನಿಂದ ಎರಡು, ಮೂರು ಪ್ರತಿಗಳನ್ನೂ ತೆಗೆಯಬಹುದಿತ್ತು.

ವೇಗ ಸಿಕ್ಕಿತು, ಪ್ರತಿಯೂ ಸಿಕ್ಕಿತು. ಹಾಗಾದರೆ ಬಿಟ್ಟುಕೊಟ್ಟದ್ದೇನು? ಬಾಳಿಕೆ. ಛಾಯಾಚಿತ್ರದ ಕಾಗದವನ್ನು ಹೈಪೋ ದ್ರಾವಣದಿಂದ ತೆಗೆದ ಮೇಲೆ ಹರಿಯುವ ನೀರಿನಲ್ಲಿ ಬಹುಹೊತ್ತು ತೊಳೆಯಬೇಕು. ಬೀದಿಯಲ್ಲಿ ಇದ್ದದ್ದು ಒಂದು ಬಕೆಟ್ ನೀರು. ತೊಳೆಯದೆ ಉಳಿದ ಹೈಪೋ ವರ್ಷಗಳು ಕಳೆದಂತೆ ಚಿತ್ರವನ್ನು ಹಳದಿಯಾಗಿಸಿ, ಮಸುಕಾಗಿಸಿಬಿಡುತ್ತದೆ. ಅರ್ಜಿಯ ಕೆಲಸಕ್ಕೆ ಅದು ಸಾಕಿತ್ತು, ಮೊಮ್ಮಕ್ಕಳ ಕಾಲಕ್ಕೆ ಸಾಲುತ್ತಿರಲಿಲ್ಲ.

ಛಾಯಾಗ್ರಾಹಕನೇ ಇಲ್ಲದ ಯಂತ್ರವೂ ಇದೇ ಕಾಲದಲ್ಲಿ ಬಂದಿತು. 1925ರಲ್ಲಿ ಅನಾಟೋಲ್ ಜೋಸೆಫೋ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಫೋಟೋಮ್ಯಾಟನ್’ ಎಂಬ ಕಟಕಟೆಯನ್ನು ತೆರೆದ. 25 ಸೆಂಟ್ ಹಾಕಿ ಕುಳಿತರೆ ಸುಮಾರು ಎಂಟು ನಿಮಿಷಗಳಲ್ಲಿ ಎಂಟು ಚಿತ್ರಗಳ ಪಟ್ಟಿ ಹೊರಬರುತ್ತಿತ್ತು. ಜನ ಸಾಲುಗಟ್ಟಿ ನಿಂತರು. ಇಂದು ಮದುವೆ ಮಂಟಪದ ಮೂಲೆಯಲ್ಲಿ ‘ಫೋಟೋ ಬೂತ್’ ಎಂದು ಹಾಕುತ್ತಾರಲ್ಲ, ಅದರ ಮೂಲಪುರುಷ ಇದೇ.

ಅರವತ್ತು ಸೆಕೆಂಡಿನ ಚಿತ್ರ

1943ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಲ್ಯಾಂಡ್ ರಜೆಯಲ್ಲಿದ್ದಾಗ, ಈಗ ತೆಗೆದ ಫೋಟೋವನ್ನು ಈಗಲೇ ಏಕೆ ನೋಡಲಾಗದೆಂದು ಅವರ ಪುಟ್ಟ ಮಗಳು ಕೇಳಿದಳಂತೆ. ಉತ್ತರವನ್ನು ಅವರು 1947ರ ಫೆಬ್ರವರಿಯಲ್ಲಿ ವಿಜ್ಞಾನಿಗಳ ಮುಂದಿಟ್ಟರು. 1948ರ ನವೆಂಬರಿನಲ್ಲಿ ಮೊದಲ ಪೊಲರಾಯ್ಡ್ ಕ್ಯಾಮೆರಾ ಬಾಸ್ಟನ್ ನಗರದಲ್ಲಿ ಮಾರಾಟಕ್ಕೆ ಬಂದಿತು. ಎರಡು ಕಾಗದಗಳ ನಡುವೆ ರಾಸಾಯನಿಕ ತುಂಬಿದ ಪುಟ್ಟ ಚೀಲ. ಕ್ಯಾಮೆರಾದಿಂದ ಎಳೆದಾಗ ಉರುಳೆಗಳ ನಡುವೆ ಆ ಚೀಲ ಒಡೆದು ರಾಸಾಯನಿಕ ಹರಡುತ್ತದೆ. ಒಂದು ನಿಮಿಷ ಕಾದು ಬಿಡಿಸಿದರೆ ಚಿತ್ರ. 1963ರಲ್ಲಿ ಇದಕ್ಕೆ ಬಣ್ಣ ಬಂದಿತು. 1972ರ ಎಸ್‌ಎಕ್ಸ್-70 ಮಾದರಿಯಲ್ಲಿ ಬಿಡಿಸುವ ಕೆಲಸವೂ ತಪ್ಪಿತು.

ಪೊಲರಾಯ್ಡ್ ಮತ್ತೆ ಮೊದಲ ದಾರಿಗೇ ಸೇರಿದ್ದು: ಕೂಡಲೇ ಚಿತ್ರ, ಆದರೆ ಒಂದೇ ಒಂದು. ಎರಡನೆಯ ದಾರಿಯವರೂ ಸುಮ್ಮನಿರಲಿಲ್ಲ. ಜಪಾನಿನ ನೊರಿತ್ಸು ಕಂಪನಿ 1970ರ ದಶಕದಲ್ಲಿ ಪುಟ್ಟ ಲ್ಯಾಬ್ ಯಂತ್ರಗಳನ್ನು ತಂದು, ವಾರಗಟ್ಟಲೆ ಕಾಯುತ್ತಿದ್ದ ಬಣ್ಣದ ಪ್ರತಿಯನ್ನು ಒಂದು ಗಂಟೆಯೊಳಗೆ ಕೊಡುವಂತೆ ಮಾಡಿತು. ಆದರೆ ಗ್ರಾಹಕ ಅಂಗಡಿಗೆ ಹೋಗಬೇಕಿತ್ತು. ಅಂಗಡಿ ಜಾತ್ರೆಗೆ ಬರುತ್ತಿರಲಿಲ್ಲ. ಜಾತ್ರೆಯಲ್ಲಿ ಹಣ ಕೊಟ್ಟು, ವಿಳಾಸ ಬರೆಸಿ, ಅಂಚೆಯ ದಾರಿ ಕಾಯುವುದು ಹಾಗೆಯೇ ಉಳಿಯಿತು. ಆ ಫೋಟೋ ಬಾರದೇ ಹೋದರೆ ಕೇಳುವುದು ಯಾರನ್ನು?

ಪೊಲರಾಯ್ಡಿನ ಕಥೆಯಲ್ಲಿ ಇನ್ನೊಂದು ಪಾಠವಿದೆ. 2001ರಲ್ಲಿ ಕಂಪನಿ ದಿವಾಳಿಯಾಯಿತು. 2008ರಲ್ಲಿ ಫಿಲ್ಮ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಾರಿತು. ಕ್ಯಾಮೆರಾ ಚೆನ್ನಾಗಿದ್ದರೂ ಫಿಲ್ಮ್ ಇಲ್ಲದೆ ಅದು ಬರಿಯ ಡಬ್ಬಿಯಾಯಿತು. ನೆದರ್‌ಲ್ಯಾಂಡ್ಸಿನ ಎನ್‌ಸ್ಕೆಡೆಯಲ್ಲಿದ್ದ ಹಳೆಯ ಕಾರ್ಖಾನೆಯನ್ನು ಕೆಲವು ಉತ್ಸಾಹಿಗಳು ಉಳಿಸಿಕೊಂಡು 2010ರಲ್ಲಿ ಮತ್ತೆ ಫಿಲ್ಮ್ ಮಾಡಿದರೆಂಬುದು ಬೇರೆ ಮಾತು. ಸ್ಥಳದಲ್ಲೇ ಚಿತ್ರ ಕೊಡುವ ಯಾವ ಯಂತ್ರದ ಆಯುಷ್ಯವೂ ಅದರ ಕಾಗದ ಸಿಗುವವರೆಗೆ ಮಾತ್ರ.

ಕರ್ಪೂರದ ಗುಣ

ಎರಡು ದಾರಿಗಳು ಕೊನೆಗೂ ಕೂಡಿದ್ದು ಚಿತ್ರವು ವಿದ್ಯುತ್ ಸಂಕೇತವಾದ ಮೇಲೆ. 1981ರಲ್ಲಿ ಜಪಾನಿನ ಸೋನಿ ಕಂಪನಿ ಫಿಲ್ಮ್ ಬೇಡದ ‘ಮಾವಿಕಾ’ ಕ್ಯಾಮೆರಾದ ಮಾದರಿಯನ್ನು ತೋರಿಸಿತು. ಹಾಗೆ ತೆಗೆದ ಚಿತ್ರವನ್ನು ಕಾಗದಕ್ಕೆ ಇಳಿಸಲು 1982ರಲ್ಲಿ ‘ಮಾವಿಗ್ರಾಫ್’ ಎಂಬ ಮುದ್ರಣ ಯಂತ್ರವನ್ನೂ ತಂದಿತು. ಅದರ ವಿಧಾನವೇ ಡೈ-ಸಬ್ಲಿಮೇಶನ್.

ಕರ್ಪೂರವನ್ನು ಬಿಸಿ ಮಾಡಿದರೆ ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗುವುದನ್ನು ನೀವು ಬಲ್ಲಿರಿ. ಈ ಗುಣದ ಹೆಸರನ್ನೇ ಆ ವಿಧಾನಕ್ಕೆ ಇಟ್ಟಿದ್ದಾರೆ. ತೆಳುವಾದ ರಿಬ್ಬನ್ ಒಂದರ ಮೇಲೆ ಹಳದಿ, ಕೆನ್ನೇರಳೆ, ಆಕಾಶನೀಲಿ ಬಣ್ಣಗಳ ಪಟ್ಟಿಗಳು ಒಂದಾದ ಮೇಲೊಂದು ಇರುತ್ತವೆ. ಸಾಲಾಗಿ ಜೋಡಿಸಿದ ಸೂಕ್ಷ್ಮ ತಾಪಬಿಂದುಗಳು ರಿಬ್ಬನ್ನನ್ನು ಕಾಯಿಸಿದಾಗ ಬಣ್ಣ ಕಾಗದದ ಮೇಲ್ಪದರದೊಳಗೆ ಇಳಿಯುತ್ತದೆ. ಹೆಚ್ಚು ಬಿಸಿಗೆ ಹೆಚ್ಚು ಬಣ್ಣ, ಕಡಿಮೆ ಬಿಸಿಗೆ ಕಡಿಮೆ ಬಣ್ಣ. ಕಾಗದ ಹೀಗೆ ಮೂರು ಬಾರಿ ಹೋಗಿ ಬಂದ ಮೇಲೆ, ನಾಲ್ಕನೆಯ ಬಾರಿ ಪಾರದರ್ಶಕ ಪದರವೊಂದು ಮೇಲೆ ಕೂರುತ್ತದೆ. ಬೆರಳ ಗುರುತಿನಿಂದಲೂ ತೇವದಿಂದಲೂ ಚಿತ್ರವನ್ನು ಕಾಯುವುದು ಈ ಪದರವೇ. ಹೊರಬಂದ ಚಿತ್ರ ಒಣಗಿಯೇ ಬರುತ್ತದೆ. ಕೂಡಲೇ ಕೈಗೆ ಕೊಡಬಹುದು. ಇನ್ನೊಂದು ಪ್ರತಿ ಬೇಕೆಂದರೆ ಗುಂಡಿ ಒತ್ತಿದರೆ ಸಾಕು. ಡಾಗೇರನ ವೇಗವೂ ಟಾಲ್ಬಟ್ಟನ ಪ್ರತಿಯೂ ಒಂದೇ ಮೇಜಿನ ಮೇಲೆ ಕೂಡಿದವು.

ಹಾಗೆಂದು ಬೇರೆ ಬಗೆಗಳು ಇಲ್ಲದಿಲ್ಲ. ಫ್ಯೂಜಿಫಿಲ್ಮ್ 1998ರಲ್ಲಿ ‘ಇನ್‌ಸ್ಟ್ಯಾಕ್ಸ್’ ಎಂಬ ತತ್‌ಕ್ಷಣದ ಫಿಲ್ಮನ್ನು ತಂದಿತು. 2014ರಿಂದ ಅದೇ ಫಿಲ್ಮಿನ ಮೇಲೆ ಫೋನಿನ ಚಿತ್ರವನ್ನು ಮೂಡಿಸುವ ಪುಟ್ಟ ಪ್ರಿಂಟರುಗಳೂ ಬಂದವು. ಇನ್ನು ‘ಝಿಂಕ್’ ಎಂಬ ಬಗೆಯಲ್ಲಿ ಶಾಯಿಯೇ ಇಲ್ಲ. ಬಣ್ಣದ ಹರಳುಗಳು ಕಾಗದದೊಳಗೇ ಇದ್ದು ಶಾಖ ತಗುಲಿದಾಗ ಬಣ್ಣ ತಳೆಯುತ್ತವೆ. 2008ರಲ್ಲಿ ಈ ಬಗೆಯ ಪ್ರಿಂಟರು ಜೇಬಿಗೆ ಬಂದಿತು. ಚಿತ್ರದ ಅಳತೆ 2 ಇಂಚು ಅಗಲ, 3 ಇಂಚು ಉದ್ದ. ಶಾಯಿ ಚಿಮ್ಮಿಸುವ ಇಂಕ್‌ಜೆಟ್ ಯಂತ್ರಗಳು ಸುಂದರ ಚಿತ್ರ ಕೊಡುತ್ತವೆ. ಆದರೆ ಕೆಲವು ವಾರ ಸುಮ್ಮನಿಟ್ಟರೆ ಅವುಗಳ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುವ ಭಯವಿದೆ. ಮುಹೂರ್ತಗಳಿಲ್ಲದ ಆಷಾಢ ಕಳೆದು ಶ್ರಾವಣದ ಮೊದಲ ಮದುವೆಗೆ ಹೊರಟಾಗ ಯಂತ್ರ ಮುಷ್ಕರ ಹೂಡಿದರೆ ಏನು ಗತಿ?

ಆಯ್ಕೆಯ ಲೆಕ್ಕ

ಈಗ ಚರಿತ್ರೆಯಿಂದ ಲೆಕ್ಕಕ್ಕೆ ಬರೋಣ. ಮೊದಲ ಪ್ರಶ್ನೆ: ಎಷ್ಟು ಜನ, ಎಷ್ಟು ಹೊತ್ತಿನಲ್ಲಿ? ಎರಡು ಗಂಟೆಯ ಆರತಕ್ಷತೆಯಲ್ಲಿ 150 ಚಿತ್ರಗಳು ಬೇಕೆನ್ನಿ. 2022ರಲ್ಲಿ ಬಂದ ಕ್ಯಾನನ್ ಸೆಲ್ಫಿ ಸಿಪಿ1500 ಎಂಬ ಪುಟ್ಟ ಡೈ-ಸಬ್ಲಿಮೇಶನ್ ಯಂತ್ರ ಒಂದು ಅಂಚೆಕಾರ್ಡಿನಗಲದ ಚಿತ್ರಕ್ಕೆ ಸುಮಾರು 41 ಸೆಕೆಂಡು ತೆಗೆದುಕೊಳ್ಳುತ್ತದೆ. 150 ಚಿತ್ರಗಳಿಗೆ 6150 ಸೆಕೆಂಡು. ಅಂದರೆ ಒಂದು ಗಂಟೆ ನಲವತ್ತೆರಡೂವರೆ ನಿಮಿಷ. ಇದರ ತಟ್ಟೆಯಲ್ಲಿ ಹಿಡಿಸುವುದು 18 ಹಾಳೆ, ಆದ್ದರಿಂದ ನಡುವೆ ಎಂಟು ಬಾರಿ ಕಾಗದ ತುಂಬಬೇಕು. ಯಂತ್ರ ಕಾದು ಬಿಸಿಯಾದರೆ ತಣಿಯಲು ನಿಲ್ಲುತ್ತದೆ. ಎಂದರೆ, ಲೆಕ್ಕದಲ್ಲಿ ಸಾಧ್ಯವೆನಿಸಿದರೂ ನಡೆಯುವ ಮಾತಲ್ಲ.

ಇದಕ್ಕೆ ಎದುರಾಗಿ, ಡಿಎನ್‌ಪಿ ಕಂಪನಿಯ ಡಿಎಸ್-ಆರ್‌ಎಕ್ಸ್1ಎಚ್‌ಎಸ್‌ನಂಥ ರೋಲ್ ಯಂತ್ರ 4 ಇಂಚು 6 ಇಂಚಿನ ಚಿತ್ರವನ್ನು ಹನ್ನೆರಡು ಹದಿಮೂರು ಸೆಕೆಂಡಿನಲ್ಲಿ ಕೊಡುತ್ತದೆ. ಅದೇ 150 ಚಿತ್ರಗಳಿಗೆ ಸುಮಾರು ಅರ್ಧ ಗಂಟೆ. ಒಂದು ರೋಲಿನಲ್ಲಿ 700 ಚಿತ್ರ. ಆದರೆ ತೂಕ ಸುಮಾರು 14 ಕಿಲೋ. ಸೆಲ್ಫಿಯದು ಒಂದು ಕಿಲೋಗೂ ಕಡಿಮೆ. ಆದ್ದರಿಂದ ನಾಮಕರಣ, ಗೃಹಪ್ರವೇಶಗಳಂಥ ಮೂವತ್ತು ನಲವತ್ತು ಚಿತ್ರಗಳ ಮನೆ ಸಮಾರಂಭಕ್ಕೆ ಪುಟ್ಟದು. ಮದುವೆ ಮಂಟಪಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ರೋಲಿನದು. ಎರಡಕ್ಕೂ ಒಂದೇ ಯಂತ್ರವೆಂದು ಆಸೆಪಡುವುದು ಬೇಡ. ದೊಡ್ಡ ಯಂತ್ರ ಕೊಂಡವರು ಪುಟ್ಟದೊಂದನ್ನು ಆಪತ್ತಿಗೆಂದು ಜೊತೆಗಿಟ್ಟುಕೊಳ್ಳುವುದು ಜಾಣತನ.

ಎರಡನೆಯದು ವಿದ್ಯುತ್ತು. ಕಾಯಿಸಿ ಮುದ್ರಿಸುವ ದೊಡ್ಡ ಯಂತ್ರಕ್ಕೆ ಕೆಲವು ನೂರು ವ್ಯಾಟ್ ಬೇಕು. ಕರೆಂಟು ಹೋಗಿ ಜನರೇಟರ್ ಹತ್ತುವವರೆಗಿನ ಆ ಒಂದು ನಿಮಿಷದಲ್ಲಿ ಅರ್ಧ ಮುದ್ರಿತವಾದ ಹಾಳೆ ಹಾಳಾಗುತ್ತದೆ. ಯಂತ್ರದ ಬಲಕ್ಕೆ ತಕ್ಕ ಯುಪಿಎಸ್ ಇರಲೇಬೇಕು. ಕರೆಂಟೇ ಇಲ್ಲದ ತೋಟ, ಬೆಟ್ಟ, ನದಿತೀರಗಳಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರವೇ ಗತಿ. ಸೆಲ್ಫಿಗೆ ಪ್ರತ್ಯೇಕವಾಗಿ ಕೊಳ್ಳಬಹುದಾದ ಬ್ಯಾಟರಿ ಒಮ್ಮೆ ತುಂಬಿದರೆ 54 ಚಿತ್ರಗಳಿಗೆ ಸಾಕೆಂದು ತಯಾರಕರು ಹೇಳುತ್ತಾರೆ.

ಮೂರನೆಯದು ಧೂಳು. ರಿಬ್ಬನ್ನಿಗೂ ಕಾಗದಕ್ಕೂ ನಡುವೆ ಒಂದು ಕಣ ಸಿಕ್ಕಿದರೆ ಚಿತ್ರದಲ್ಲಿ ಬಿಳಿ ಚುಕ್ಕೆ. ಅದು ತಾಪಬಿಂದುವನ್ನೇ ಗೀಚಿದರೆ ಮುಂದಿನ ಪ್ರತಿ ಚಿತ್ರದಲ್ಲೂ ಉದ್ದನೆಯ ಗೆರೆ. ಜಾತ್ರೆಯ ಬಯಲಿನಲ್ಲಿ ಯಂತ್ರವನ್ನು ನೆಲದಿಂದ ಮೇಲಿಟ್ಟು, ಗಾಳಿಗೆ ಮರೆಮಾಡಿ, ರೋಲನ್ನು ಬಯಲಿನಲ್ಲಿ ಬಿಚ್ಚದೆ ಮುಂಚೆಯೇ ಹಾಕಿ ತರುವುದು ಲೇಸು.

ನಾಲ್ಕನೆಯದು ಖರ್ಚು. ಡೈ-ಸಬ್ಲಿಮೇಶನ್ನಿನಲ್ಲಿ ರಿಬ್ಬನ್ನೂ ಕಾಗದವೂ ಸಮಸಂಖ್ಯೆಯಲ್ಲಿ ಜೋಡಿಯಾಗಿ ಬರುತ್ತವೆ. ಜೋಡಿಯ ಬೆಲೆಯನ್ನು ಹಾಳೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಚಿತ್ರದ ಖರ್ಚು ನಿಖರವಾಗಿ ಸಿಗುತ್ತದೆ. ಯಂತ್ರದ ಬೆಲೆ ಒಮ್ಮೆ ಮಾತ್ರ, ಹಾಳೆಯ ಬೆಲೆ ದಿನವೂ. ಯಂತ್ರ ಕೊಳ್ಳುವ ಮುನ್ನ ಅದರ ರೋಲು ನಿಮ್ಮ ಊರಿಗೆ ಎಷ್ಟು ದಿನಗಳಲ್ಲಿ ಬಂದೀತು, ಕೆಟ್ಟರೆ ರಿಪೇರಿ ಎಲ್ಲಿ ಎಂದು ವಿಚಾರಿಸಿ. 2008ರಲ್ಲಿ ಪೊಲರಾಯ್ಡ್ ಇದ್ದವರ ಪಾಡು ನಿಮಗಾಗಬಾರದು.

ಐದನೆಯದನ್ನು ಹಲವರು ಯೋಚಿಸುವುದೇ ಇಲ್ಲ. ಬಳಸಿ ಮುಗಿದ ರಿಬ್ಬನ್ನನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣ ಇಳಿದುಹೋದ ಜಾಗದಲ್ಲಿ ಮುದ್ರಿಸಿದ ಒಂದೊಂದು ಮುಖವೂ ನೆಗೆಟಿವಿನಂತೆ ಕಾಣುತ್ತದೆ. ಸಮಾರಂಭಕ್ಕೆ ಬಂದ ಹೆಣ್ಣುಮಕ್ಕಳ, ಮಕ್ಕಳ ಚಿತ್ರಗಳು ಅದರಲ್ಲಿವೆ. ಮಂಟಪದ ಕಸದ ಬುಟ್ಟಿಗೆ ಎಸೆಯದೆ ಮನೆಗೆ ತಂದು ಕತ್ತರಿಸಿ ಹಾಕುವುದು ಛಾಯಾಗ್ರಾಹಕನ ಧರ್ಮ.

ಚಿತ್ರ ಯಾರಿಗಾಗಿ?

ಕೊನೆಯ ಪ್ರಶ್ನೆ ಅಳತೆಯದು. ಮಕ್ಕಳ ಹುಟ್ಟುಹಬ್ಬಕ್ಕೆ 2 ಇಂಚಿನ ಪುಟ್ಟ ಚಿತ್ರ ಸೊಗಸೇ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಹಿರಿಯರೊಬ್ಬರು ತೀರಿಕೊಂಡಾಗ ಹಾರ ಹಾಕಲು ಒಂದು ಒಳ್ಳೆಯ ಫೋಟೋ ಹುಡುಕುತ್ತೇವೆ. ಅವರು ತಮಗಾಗಿ ಸ್ಟುಡಿಯೋಕ್ಕೆ ಹೋಗಿರುವುದಿಲ್ಲ. ಯಾವುದೋ ಮದುವೆಯಲ್ಲಿ, ಯಾರದೋ ಪಕ್ಕದಲ್ಲಿ ನಿಂತ ಗುಂಪಿನ ಚಿತ್ರದಿಂದ ಅವರ ಮುಖವನ್ನು ಬಿಡಿಸಿ ದೊಡ್ಡದು ಮಾಡಿಸುತ್ತೇವೆ. ಸ್ಥಳದಲ್ಲೇ ಕೊಟ್ಟ ಚಿತ್ರ ಇಂಥ ದಿನಕ್ಕೂ ಆಗಬೇಕು. ಅದಕ್ಕಾಗಿ 4 ಇಂಚು 6 ಇಂಚಿಗಿಂತ ಚಿಕ್ಕದಕ್ಕೆ ಇಳಿಯಬೇಡಿ. ಮೂಲಚಿತ್ರವನ್ನೂ ತಾರೀಖು, ಊರಿನ ಹೆಸರಿನೊಡನೆ ಜೋಪಾನವಾಗಿಡಿ.

ಚಿತ್ರ ಪಡೆದವರಿಗೂ ಒಂದೆರಡು ಮಾತು. ಅಗ್ಗದ ಪಿವಿಸಿ ಪ್ಲಾಸ್ಟಿಕ್ಕಿನ ಚೀಲದಲ್ಲಿಟ್ಟರೆ ಅದರೊಳಗಿನ ರಾಸಾಯನಿಕ ಕಾಲಕ್ರಮದಲ್ಲಿ ಬಣ್ಣವನ್ನು ಕೆಡಿಸಬಹುದು. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಕಾಗದದ ಲಕೋಟೆ, ತಂಪಾದ ಕಪಾಟು ಸಾಕು.

ಇನ್ನೊಂದು ಕೆಲಸವನ್ನು ಮರೆಯಬೇಡಿ. ಅಮೆರಿಕದ ಸಂಗ್ರಹಾಲಯಗಳಲ್ಲಿ ಅಂತರ್ಯುದ್ಧದ ಕಾಲದ ಟಿನ್‌ಟೈಪ್‌ಗಳು ಇಂದಿಗೂ ಸ್ಪಷ್ಟವಾಗಿವೆ. ಕಣ್ಣು, ಮೀಸೆ, ಅಂಗಿಯ ಗುಂಡಿಯವರೆಗೆ ಎಲ್ಲವೂ ಕಾಣುತ್ತದೆ. ಆದರೆ ಅವುಗಳಲ್ಲಿ ಬಹಳಷ್ಟರ ಕೆಳಗೆ ‘ಹೆಸರು ತಿಳಿಯದ ಸೈನಿಕ’ ಎಂದಷ್ಟೇ ಬರೆದಿದೆ. ತಗಡು ಉಳಿಯಿತು, ಬಣ್ಣ ಉಳಿಯಿತು, ಹೆಸರು ಉಳಿಯಲಿಲ್ಲ. ಆಗ ಯಾರೂ ಬರೆದಿಡಲಿಲ್ಲ. ಆದ್ದರಿಂದ ಯಾವ ಪ್ರಿಂಟರನ್ನೇ ಕೊಳ್ಳಿ, ಅದರ ಪಕ್ಕದಲ್ಲಿ ಒಂದು ಮೆತ್ತನೆಯ ಮಾರ್ಕರ್ ಪೆನ್ನನ್ನೂ ಇಡಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಭಾಗಕ್ಕೆ ಅಚ್ಚು ಮೂಡುತ್ತದೆ, ನೆನಪಿರಲಿ. ಚಿತ್ರವನ್ನು ಕೈಗೆ ಕೊಡುವ ಮುನ್ನ ಹಿಂಬದಿಯಲ್ಲಿ ನಿಂತವರ ಹೆಸರು, ಊರು, ತಾರೀಖು ಬರೆದು, ಶಾಯಿ ಆರುವಷ್ಟು ಹೊತ್ತು ಕಾದು ಕೊಡಿ.